ಪದ ಪರಿಚಯ: ಮೀನು ಪಾಶುವಾರು

ಕೆರೆ ಹರಾಜಿನ ಪ್ರಕಟಣೆಗಳಲ್ಲಿ ‘ಮೀನು ಪಾಶುವಾರು ಹಕ್ಕು’ ಎಂಬ ಮಾತು ಬರುತ್ತದೆ. ಗೊತ್ತುಪಡಿಸಿದ ನೀರಿನಲ್ಲಿ, ಗೊತ್ತುಪಡಿಸಿದ ಅವಧಿಗೆ ಮೀನು ಸಾಕಿ, ಹಿಡಿದು, ಒಯ್ಯುವ ಹಕ್ಕು ಎಂದರ್ಥ. ನೆಲವಾಗಲಿ ನೀರಾಗಲಿ ಇದರಲ್ಲಿ ಸೇರಿಲ್ಲ.

ಕೊಡಗಿನಲ್ಲಿ ಗೊಂದಲ ಶುರುವಾಗುವುದೇ ಇಲ್ಲಿ. ತೋಡು ಕಾಫಿ ತೋಟದ ನಡುವೆಯೇ ಹರಿಯುತ್ತದೆ, ಹೊಳೆ ಗದ್ದೆಯ ಅಂಚಿಗೆ ತಾಗಿರುತ್ತದೆ. ಹಾಗಾಗಿ ಮೀನೂ ನಮ್ಮದೇ ಎಂಬ ಎಣಿಕೆ. ದಡದವರ ಹಕ್ಕೇ ಬೇರೆ. ಅದನ್ನು ಹೇಳುವುದು 1882ರ ಈಸ್‌ಮೆಂಟ್ (ಬೇರೆಯವರ ಜಮೀನಿನ ಮೇಲಿನ ಬಳಕೆ ಹಕ್ಕು) ಕಾಯ್ದೆ. ಅದು ಮೊದಲು ಜಾರಿಯಾದ ಮೂರು ಪ್ರಾಂತಗಳಲ್ಲಿ ಕೊಡಗೂ ಒಂದು. ಕುಡಿಯಲು, ಮನೆಬಳಕೆಗೆ, ದನಕರುಗಳಿಗೆ, ದಡದ ಜಮೀನಿನ ನೀರಾವರಿಗೆ ನೀರು ಬಳಸಬಹುದು. ಅದೇ ಹೊಳೆಯ ಇತರ ದಡದವರಿಗೆ ಹಾನಿಯಾಗಬಾರದು. ಮೇಲಿನಿಂದ ಬರುವ ನೀರಿನ ಪ್ರಮಾಣ, ದಿಕ್ಕು, ರಭಸ, ಬಿಸಿ ಸಹ ಹೆಚ್ಚು ಏರುಪೇರಾಗಬಾರದೆಂದು ಕೇಳುವ ಹಕ್ಕೂ ಇದೆ. ಮೀನಿನ ಸುದ್ದಿ ಅದರಲ್ಲಿಲ್ಲ.

ಪಾಶುವಾರು ಬಾಯಿಮಾತಿನಲ್ಲಿ ನಿಲ್ಲುವುದಿಲ್ಲ. ಒಡಿಶಾದ ಚಿಲಿಕಾ ಸರೋವರದಲ್ಲಿ ಮೀನು ಹಿಡಿಯುವ ಹಕ್ಕನ್ನು ಕೆಲವರು ಅಲ್ಲಿನ ರಾಜನಿಗೆ ದುಡ್ಡು ಕೊಟ್ಟು ಬಾಯಿಮಾತಿನಲ್ಲೇ ಕೊಂಡಿದ್ದರು. ರಾಜನ ಜಮೀನ್ದಾರಿ ಎಸ್ಟೇಟು ಸರ್ಕಾರದ ಕೈಸೇರಿದಾಗ ತಕರಾರು ಸುಪ್ರೀಂ ಕೋರ್ಟಿಗೆ ಹೋಯಿತು. ಮೀನು ಹಿಡಿದೊಯ್ಯುವ ಹಕ್ಕು ಸ್ಥಿರಾಸ್ತಿಯಿಂದ ಹುಟ್ಟುವ ಲಾಭ, 100 ರೂಪಾಯಿ ಮತ್ತು ಮೇಲ್ಪಟ್ಟ ಬೆಲೆಯದಾದರೆ ನೋಂದಾಯಿತ ಪತ್ರ ಬೇಕೇ ಬೇಕು ಎಂದು 1955ರಲ್ಲಿ ತೀರ್ಪಾಯಿತು. ಕೊಂಡವರು ಸೋತರು.

ಪತ್ರದಲ್ಲಿ ಮೇಲಿನ ಗಡಿ, ಕೆಳಗಿನ ಗಡಿ, ಎರಡೂ ದಡದ ಸರ್ವೆ ನಂಬರು, ಅವಧಿ, ಬಲೆಯ ಕಣ್ಣಿನ ಅಳತೆ, ಮರಿ ಬಿಡುವ ಹೊಣೆ ಯಾರದು ಎಂಬುದು ಇರಬೇಕು. ‘ಸೇತುವೆಯಿಂದ ದೊಡ್ಡ ಮಡುವಿನವರೆಗೆ’ ಎಂದು ಬರೆದರೆ ಒಂದೇ ಮಳೆಗಾಲ ಸಾಕು: ಮಡು ಜಾಗ ಬದಲಿಸುತ್ತದೆ, ಜಗಳ ಉಳಿಯುತ್ತದೆ.

ಹಕ್ಕುದಾರರು ಇದ್ದರೆ ಹೊಳೆಗೇನು ಲಾಭ? ಡಿಸೆಂಬರಿನಿಂದ ಫೆಬ್ರವರಿವರೆಗಿನ ಪಲ್ಪಿಂಗ್ (ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ) ಕಾಲವನ್ನೇ ನೋಡಿ. ಕಾಫಿ ಹಣ್ಣಿನ ಲೋಳೆಯಲ್ಲಿರುವ ಸಕ್ಕರೆ ತೋಡಿಗೆ ಸೇರಿದರೆ ಅದನ್ನು ತಿನ್ನುವ ಬ್ಯಾಕ್ಟೀರಿಯಾ ನೀರಿನ ಆಮ್ಲಜನಕವನ್ನೆಲ್ಲ ಹೀರುತ್ತದೆ. ಆಮ್ಲಜನಕ ತೀರಾ ಕಡಿಮೆ ಇರುವುದು ನಸುಕಿನಲ್ಲಿ. ಆಗ ಮೀನು ಮೇಲೆ ಬಂದು ಬಾಯಿ ತೆರೆಯುತ್ತದೆ, ನೀರಿಗೆ ಹುಳಿ ವಾಸನೆ. ಹೊತ್ತೇರುವಷ್ಟರಲ್ಲಿ ಕೊಳೆನೀರು ಕೆಳಗೆ ಹರಿದುಹೋಗಿ ಗುರುತೇ ಸಿಗದು. 1974ರ ಜಲ ಕಾಯ್ದೆಯಡಿ ಮೊಕದ್ದಮೆಗೆ ನಿಲ್ಲಬೇಕಾದರೆ ಮಾಲಿನ್ಯ ನಿಯಂತ್ರಣ ಮಂಡಳಿಯ ಅಧಿಕಾರಿಯೇ ನೋಟಿಸು ಕೊಟ್ಟು ಮಾದರಿ ತೆಗೆದು, ಎರಡು ಪಾಲು ಮಾಡಿ, ಮೊಹರು ಹಾಕಬೇಕು. ನಾವು ತುಂಬಿಟ್ಟ ಬಾಟಲಿ ಅಲ್ಲಿ ಸಾಕ್ಷ್ಯವಾಗದು. ಆದರೆ ಕೊಳೆನೀರಿನ ಕೊಳವೆ ತೋಡಿಗೆ ಸೇರುವ ಜಾಗದ ಮೇಲೊಂದು, ಕೆಳಗೊಂದು ಮಾದರಿ, ಗಂಟೆ ಬರೆದ ಫೋಟೊ ಇದ್ದರೆ ಅಧಿಕಾರಿಯನ್ನು ಬೇಗ ಕರೆತರಬಹುದು. ನಸುಕಿನಲ್ಲೆದ್ದು ಇಷ್ಟೆಲ್ಲ ಮಾಡುವುದು ಸತ್ತ ಮೀನು ತನ್ನ ನಷ್ಟ ಎನಿಸಿದವರು ಮಾತ್ರ.

ಇಂಗ್ಲೆಂಡಿನಲ್ಲಿ ನಡೆದದ್ದೂ ಇದೇ. 1950ರ ದಶಕದ ಆರಂಭದಲ್ಲಿ ಡರ್ವೆಂಟ್ ನದಿಯ ಗಾಳದವರ ಸಂಘವೊಂದು ತನ್ನ ಮೀನಿನ ಹಕ್ಕಿನ ಬಲದಿಂದ ಕಾರ್ಖಾನೆ, ನಗರಸಭೆ, ಬಿಸಿನೀರು ಬಿಡುತ್ತಿದ್ದ ವಿದ್ಯುತ್ ಸ್ಥಾವರ ಮೂರರ ಮೇಲೂ ದಾವೆ ಹೂಡಿ ತಡೆಯಾಜ್ಞೆ ಪಡೆಯಿತು.

ತೋಟೆ ಸಿಡಿಸುವುದು, ವಿಷ ಹಾಕುವುದು ಹಕ್ಕುದಾರರಿಗೂ ಸಲ್ಲ. 1897ರ ಮೀನುಗಾರಿಕೆ ಕಾಯ್ದೆಯೇ ಅದನ್ನು ಅಪರಾಧ ಎಂದಿತ್ತು. ಆಗಿನ ದಂಡ 200 ರೂಪಾಯಿವರೆಗೆ, ಸೆರೆ ಎರಡು ತಿಂಗಳವರೆಗೆ. ಈಗ ರಾಜ್ಯಕ್ಕೆ 1996ರ ಒಳನಾಡು ಮೀನುಗಾರಿಕೆ ಕಾಯ್ದೆ ಇದೆ.

ಪಾಶುವಾರಿನ ದೊಡ್ಡ ದೋಷ ಅದರ ಅವಧಿಯಲ್ಲಿದೆ. ಗುತ್ತಿಗೆಯ ಕೊನೆಯ ವರ್ಷ ಬಲೆಯ ಕಣ್ಣು ಸಣ್ಣದಾಗುತ್ತದೆ, ಮರಿಯೂ ಉಳಿಯುವುದಿಲ್ಲ. ಕೆರೆಗಾದರೆ ಕಾಟ್ಲಾ, ರೋಹು ಮರಿ ಮತ್ತೆ ತಂದು ಬಿಡಬಹುದು. ಕಾವೇರಿಯ ಬೆನ್ನುಗೂನಿನ ಮಹಶೀರ್ ಹಾಗಲ್ಲ. 2018ರಲ್ಲಿ ಅದು ಅಳಿವಿನ ತೀವ್ರ ಅಪಾಯದಲ್ಲಿರುವ ಜೀವಿಗಳ ಪಟ್ಟಿ ಸೇರಿತು. ಹರಿಯುವ ನೀರು, ಜಲ್ಲಿಕಲ್ಲಿನ ತಳ ಇಲ್ಲದೆ ಅದು ಮೊಟ್ಟೆಯಿಡದು. ಹೊಳೆಯ ಗುತ್ತಿಗೆ ಪತ್ರಕ್ಕೆ ಮಳೆಗಾಲದ ಬಲೆ ನಿಷೇಧವನ್ನೂ ಮರಳು ತೆಗೆಯಬಾರದೆಂಬ ಷರತ್ತನ್ನೂ ಸೇರಿಸಬೇಕಾದದ್ದು ಅದಕ್ಕೇ.