ನ್ಯಾನೋಟ್ಯೂಬ್ ಇದ್ದ ಮೇಲೆ ಹೈಡ್ರೋಜನ್‌ಗೆ ಸಿಲಿಂಡರ್ ಯಾಕೆ?

ಪ್ರಶ್ನೆ: ಸರ್, ಕಾರ್ಬನ್ ನ್ಯಾನೋಟ್ಯೂಬ್ ತನ್ನ ತೂಕಕ್ಕಿಂತ ಜಾಸ್ತಿ ಹೈಡ್ರೋಜನ್ ಹಿಡಿಯುತ್ತದಂತೆ. ಹಾಗಿದ್ದರೆ ಕಾರುಗಳಲ್ಲಿ ಇನ್ನೂ 700 ಬಾರ್ ಒತ್ತಡದ ಸಿಲಿಂಡರ್ ಯಾಕೆ?

ಸೆಮಿನಾರ್ ಕಾಲ ಬಂತೆಂದರೆ ಈ ಪ್ರಶ್ನೆಯೂ ಬಂದೇ ಬರುತ್ತದೆ. ಎಷ್ಟು ಸಲ ಉತ್ತರ ಹೇಳಿದ್ದೇನೋ ಲೆಕ್ಕವಿಲ್ಲ. ಈ ಸಲ ಪೂರ್ತಿ ಬರೆದುಬಿಡುತ್ತೇನೆ. ಮುಂದೆ ಯಾರಾದರೂ ಕೇಳಿದರೆ ಇದನ್ನೇ ಕೊಡಿ.

ಕಾರ್ಬನ್ ನ್ಯಾನೋಟ್ಯೂಬ್ ಎಂದರೆ ಕಾರ್ಬನ್ ಪರಮಾಣುಗಳ ಹಾಳೆ ಸುತ್ತಿದಂಥ, ಕಣ್ಣಿಗೆ ಕಾಣದಷ್ಟು ಸಣ್ಣ ಕೊಳವೆ. ಅದು ಅಷ್ಟು ಹಿಡಿಯುವುದಿಲ್ಲ. ನಾವು ಕೂತಿರುವ ಕೋಣೆಯ ಉಷ್ಣತೆಯಲ್ಲಿ, ಬೇರೇನೂ ಬೆರೆಸದ ನ್ಯಾನೋಟ್ಯೂಬ್ ಹಿಡಿಯುವುದು ತೂಕದಲ್ಲಿ 1%ಕ್ಕಿಂತ ಕಡಿಮೆ.

ಈ ಮಾತು ಹುಟ್ಟಿದ್ದು 1998ರಲ್ಲಿ. ಅಮೆರಿಕದ ಒಂದು ತಂಡ ಗ್ರಾಫೈಟ್ ನ್ಯಾನೋ ಎಳೆಗಳಲ್ಲಿ 67%ವರೆಗೆ ಹೈಡ್ರೋಜನ್ ಸಿಕ್ಕಿತೆಂದು ವರದಿ ಮಾಡಿತು. ಅಂದರೆ ಒಂದು ಗ್ರಾಂ ಕಾರ್ಬನ್‌ಗೆ ಎರಡು ಗ್ರಾಂ ಹೈಡ್ರೋಜನ್. ಒಂದು ನಿಮಿಷ ಪೆನ್ನು ಹಿಡಿದು ಲೆಕ್ಕ ಹಾಕಿ. ಮೀಥೇನ್‌ನಲ್ಲಿ ಒಂದು ಕಾರ್ಬನ್ ಪರಮಾಣು ನಾಲ್ಕು ಹೈಡ್ರೋಜನ್ ಹಿಡಿಯುತ್ತದೆ, ಅದೂ ಗಟ್ಟಿ ಬಂಧದಲ್ಲಿ. ಅಲ್ಲಿಯೂ ಹೈಡ್ರೋಜನ್ ಪಾಲು 25% ಅಷ್ಟೇ. 67% ಆಗಬೇಕಾದರೆ ಒಂದೊಂದು ಕಾರ್ಬನ್‌ಗೂ 24 ಹೈಡ್ರೋಜನ್ ಅಂಟಬೇಕು! ಬೇರೆ ಪ್ರಯೋಗಾಲಯಗಳಲ್ಲಿ ಆ ಫಲಿತಾಂಶ ಮತ್ತೆ ಬರಲೇ ಇಲ್ಲ.

1999ರಲ್ಲಿ ಲಿಥಿಯಂ ಸೇರಿಸಿದ ನ್ಯಾನೋಟ್ಯೂಬ್‌ನಲ್ಲಿ 20% ಎಂಬ ಸುದ್ದಿ ಬಂತು. ಮರುವರ್ಷ ಮಿಚಿಗನ್ ವಿಶ್ವವಿದ್ಯಾಲಯದ ರಾಲ್ಫ್ ಯಾಂಗ್ ಅದೇ ಪ್ರಯೋಗವನ್ನು ಚೆನ್ನಾಗಿ ಒಣಗಿಸಿದ ಹೈಡ್ರೋಜನ್‌ನಲ್ಲಿ ಮಾಡಿ ನೋಡಿದರು. 20 ಇಳಿದು ಸುಮಾರು 2.5ಕ್ಕೆ ಬಂತು. ಉಳಿದದ್ದು ತೇವ. ಮಳೆಗಾಲದಲ್ಲಿ ಡಬ್ಬಿ ಮುಚ್ಚದೆ ಬಿಟ್ಟ ಹಪ್ಪಳ ಮೆತ್ತಗಾಗುತ್ತದಲ್ವಾ, ಲಿಥಿಯಂ ಅದಕ್ಕಿಂತ ಬೇಗ ತೇವ ಎಳೆದುಕೊಳ್ಳುತ್ತದೆ. ನೀರಿನ ಅಣುವಿನ ತೂಕ 18, ಹೈಡ್ರೋಜನ್ ಅಣುವಿನದು 2. ತಕ್ಕಡಿಗೆ ಯಾರು ಹತ್ತಿದರೆಂದು ಗೊತ್ತಾಗುವುದಿಲ್ಲ. ಹಾಗಾಗಿ ಒಂದು ನೀರಿನ ಅಣು ಸೇರಿಕೊಂಡರೆ ಒಂಬತ್ತು ಹೈಡ್ರೋಜನ್ ಅಣು ಬಂದಂತೆ ಲೆಕ್ಕ ಸಿಗುತ್ತದೆ. 100 ಮಿಲಿಗ್ರಾಂ ಪುಡಿ ತೂಗುವಾಗ ಒಂದು ಮಿಲಿಗ್ರಾಂ ತೇವ ಸೇರಿದರೂ 1% ತಪ್ಪು. ನನ್ನ ವಿದ್ಯಾರ್ಥಿಗಳು ಈಗ ದೊಡ್ಡ ಅಂಕಿ ಕಂಡ ಕೂಡಲೇ "ಗ್ಯಾಸ್ ಒಣಗಿಸಿದ್ದರಾ?" ಎಂದು ಕೇಳುತ್ತಾರೆ. ನನಗೆ ಅದೇ ಖುಷಿ.

ಹಾಗಾದರೆ ನ್ಯಾನೋ ಯಾಕೆ? ಹಿಡಿತ ಸರಿಮಾಡಲು. ಕಾರ್ಬನ್‌ನ ಮೇಲೆ ಹೈಡ್ರೋಜನ್ ಸುಮ್ನೆ ಕೂತಿರುತ್ತದೆ. ಮೋಲ್‌ಗೆ (ಅಂದರೆ 2 ಗ್ರಾಂ ಹೈಡ್ರೋಜನ್‌ಗೆ) ಸುಮಾರು 5 ಕಿಲೋಜೂಲ್ ಹಿಡಿತ, ಸ್ವಲ್ಪ ಬೆಚ್ಚಗಾದರೆ ಎದ್ದು ಹೋಗುತ್ತದೆ. 2025ರ ರಸಾಯನಶಾಸ್ತ್ರ ನೊಬೆಲ್ ತಂದುಕೊಟ್ಟ, ಲೋಹವನ್ನೂ ಸಾವಯವ ಅಣುಗಳನ್ನೂ ಹೆಣೆದ, ರಂಧ್ರಗಳೇ ತುಂಬಿದ ಹರಳುಗಳಾದ ಎಂಒಎಫ್‌ಗಳ ಕಥೆಯೂ ಬಹುಮಟ್ಟಿಗೆ ಹೀಗೇ. ಎಂಒಎಫ್-5 ಎಂಬುದರ ಒಂದು ಗ್ರಾಂ ಪುಡಿಯೊಳಗೆ 3,000 ಚದರ ಮೀಟರ್‌ಗೂ ಜಾಸ್ತಿ ಮೇಲ್ಮೈ ಇದೆ. ಮೈನಸ್ 196 ಡಿಗ್ರಿಯಲ್ಲಿ, 40 ಬಾರ್ ಒತ್ತಡದಲ್ಲಿ ಸುಮಾರು 7% ಹಿಡಿಯುತ್ತದೆ. ಕೋಣೆಗೆ ತಂದರೆ ಬಿಟ್ಟುಬಿಡುತ್ತದೆ. ಮೆಗ್ನೀಸಿಯಂ ಇದಕ್ಕೆ ತದ್ವಿರುದ್ಧ. 7.6% ಹಿಡಿಯುತ್ತದೆ, ಆದರೆ ಸುಮಾರು 300 ಡಿಗ್ರಿ ಕಾಯಿಸದೆ ಬಿಡುವುದಿಲ್ಲ. ನಮ್ಮ ಜಕ್ಕೂರಿನ ಜವಾಹರಲಾಲ್ ನೆಹರು ಕೇಂದ್ರದಲ್ಲಿ ಸಿ.ಎನ್.ಆರ್. ರಾವ್ ಅವರ ತಂಡ 2011ರಲ್ಲಿ ಕಾರ್ಬನ್‌ನ ತೀರಾ ತೆಳು ಹಾಳೆಯಾದ ಗ್ರಾಫೀನ್‌ಗೆ ರಾಸಾಯನಿಕವಾಗಿ 5%ವರೆಗೆ ಹೈಡ್ರೋಜನ್ ಸೇರಿಸಿ ತೋರಿಸಿತು. ಒಳ್ಳೆಯ ಕೆಲಸ. ಅಲ್ಲಿಯೂ ಬಂಧ ಗಟ್ಟಿ, ಕಾಯಿಸಿಯೇ ಬಿಡಿಸುವುದಾದರೆ 500 ಡಿಗ್ರಿ ಬೇಕು. ನಮಗೆ ಬೇಕಾದ ಹಿಡಿತ ಸುಮ್ನೆ ಕೂರುವುದು, ಗಟ್ಟಿಯಾಗಿ ಅಂಟುವುದು ಇವೆರಡರ ನಡುವೆ, ಮೋಲ್‌ಗೆ ಸುಮಾರು 15ರಿಂದ 25 ಕಿಲೋಜೂಲ್. ಎಂಒಎಫ್ ಒಳಗೆ ಲೋಹದ ಅಯಾನನ್ನು ಹೈಡ್ರೋಜನ್‌ಗೆ ತಾಗುವಂತೆ ತೆರೆದಿಡುವುದು, ರಂಧ್ರವನ್ನು ಅಣುವಿನ ಅಳತೆಗೆ ಕಿರಿದು ಮಾಡುವುದು ಎಲ್ಲವೂ ಅದಕ್ಕಾಗಿಯೇ. ಮೆಗ್ನೀಸಿಯಂ ಅನ್ನು ನ್ಯಾನೋ ಕಣ ಮಾಡಿದರೆ ಹೈಡ್ರೋಜನ್ ಒಳಗೆ ಹೋಗಿಬರುವ ದೂರ ಕಡಿಮೆಯಾಗಿ ಕೆಲಸ ಬೇಗ ಆಗುತ್ತದೆ. ಜಾಸ್ತಿಯೇನೂ ಹಿಡಿಯುವುದಿಲ್ಲ.

ಇನ್ನೊಂದನ್ನು ಯಾರೂ ಕೇಳುವುದಿಲ್ಲ, ಕೇಳಬೇಕು: ತುಂಬಿಸುವಾಗ ಬರುವ ಬಿಸಿ ಎಲ್ಲಿಗೆ ಹೋಗುತ್ತದೆ? ಮೆಗ್ನೀಸಿಯಂ ಹೈಡ್ರೋಜನ್ ಹಿಡಿದಾಗ ಮೋಲ್‌ಗೆ 75 ಕಿಲೋಜೂಲ್ ಹೊರಬರುತ್ತದೆ. ಕಾರಿಗೆ 5 ಕೆಜಿ ಹೈಡ್ರೋಜನ್ ಐದು ನಿಮಿಷದಲ್ಲಿ ತುಂಬಿಸಿದರೆ ಅದು ಸುಮಾರು 620 ಕಿಲೋವಾಟ್. 3 ಕಿಲೋವಾಟ್‌ನ ಇನ್ನೂರು ಗೀಸರ್ ಒಟ್ಟಿಗೆ ಹಾಕಿದಷ್ಟು ಬಿಸಿ, ಒಂದು ಟ್ಯಾಂಕಿನೊಳಗೆ! ಓಡುವಾಗ ಅಷ್ಟೇ ಬಿಸಿಯನ್ನು ವಾಪಸ್ ಕೊಡಬೇಕು. ಆ ಹೈಡ್ರೋಜನ್ ಕೊಡುವ ಶಕ್ತಿಯಲ್ಲಿ ಹತ್ತಿರ ಹತ್ತಿರ ಮೂರನೇ ಒಂದು ಪಾಲು ಅದಕ್ಕೇ ಹೋಗುತ್ತದೆ. ಕಾರಿನಲ್ಲಿ ಹೈಡ್ರೋಜನ್‌ನಿಂದ ವಿದ್ಯುತ್ ಮಾಡುವ ಫ್ಯುಯೆಲ್ ಸೆಲ್‌ನಿಂದ ಸಿಗುವ ಬಿಸಿ ಸುಮಾರು 80 ಡಿಗ್ರಿ. ಮೆಗ್ನೀಸಿಯಂ ಕೇಳುವುದು 300.