ನಿನ್ನೆಯ ಮೆಣಸಿನಕಾಯಿ ಬಜ್ಜಿಯ ಮೇಲೆ ಸುಮ್ನೆ ಅಪವಾದ

ನನಗೆ 39, ಮಗಳಿಗೆ 14. ಬೆಳಿಗ್ಗೆ ಕನ್ನಡಿ ಮುಂದೆ ನಿಂತರೆ ಇಬ್ಬರ ಮುಖದಲ್ಲೂ ಮೊಡವೆ. ಅವಳಿಗೆ ಹಣೆ, ಮೂಗಿನ ಮೇಲೆ. ನನಗೆ ಗದ್ದದಲ್ಲಿ, ದವಡೆಯ ಅಂಚಿನಲ್ಲಿ.

ಹೋದ ತಿಂಗಳು ದಾವಣಗೆರೆಯಲ್ಲಿ ಒಂದು ಗೃಹಪ್ರವೇಶಕ್ಕೆ ಹೋಗಿದ್ದೆ. ಸೋದರತ್ತೆ ನನ್ನ ಗದ್ದ ಹಿಡಿದು ಬೆಳಕಿಗೆ ತಿರುಗಿಸಿದರು. "ನಲವತ್ತಕ್ಕೆ ಬಂದ್ರೂ ನಿನಗಿನ್ನೂ ಪ್ರಾಯದ ಗುಳ್ಳೆ ಏಳ್ತಾವಲ್ಲೇ! ನಿನ್ನೆ ಮಂಡಕ್ಕಿ ಜೊತೆ ನಾಲ್ಕು ಮೆಣಸಿನಕಾಯಿ ತಿಂದ್ಯಲ್ಲ, ಅದರದ್ದೇ ಉಷ್ಣ" ಎಂದು ತೀರ್ಪು ಕೊಟ್ಟೇಬಿಟ್ಟರು. ಪಕ್ಕದಲ್ಲಿದ್ದವರು ರಕ್ತ ಕೆಟ್ಟಿದೆ ಎಂದರು. ಇನ್ನೊಬ್ಬರು ಟೂತ್‌ಪೇಸ್ಟ್ ಹಚ್ಚು ಎಂದರು. ಆ ಬಜ್ಜಿಯ ಪರವಾಗಿ ನಾನೀಗ ವಕಾಲತ್ತು ವಹಿಸಲೇಬೇಕು.

ಮೊಡವೆ ಎಂದರೆ ಪ್ರಾಯದವರ ಸೊತ್ತು ಎಂಬ ನಂಬಿಕೆ ಅತ್ತೆಯದೊಂದೇ ಅಲ್ಲ. ಸುಶ್ರುತ ಸಂಹಿತೆಯಲ್ಲಿ ಇದರ ಹೆಸರು ಮುಖದೂಷಿಕೆ. ಬೂರುಗದ ಮರದ ಮುಳ್ಳಿನ ಹಾಗೆ ಯುವಕರ ಮುಖದಲ್ಲಿ ಏಳುವ ಗುಳ್ಳೆ ಎಂದು ಅಲ್ಲಿದೆ. ಬೂರುಗದ ಕಾಂಡವನ್ನು ಹತ್ತಿರದಿಂದ ನೋಡಿದ್ದರೆ ಆ ಹೋಲಿಕೆಗೆ ತಲೆದೂಗುತ್ತೀರಿ. ಬುಡ ದಪ್ಪ, ತುದಿ ಮೊನಚು, ಅಲ್ಲೊಂದು ಇಲ್ಲೊಂದು. ನೋಟ ಸರಿಯಾಗಿದೆ, ವಯಸ್ಸಿನ ಲೆಕ್ಕ ಮಾತ್ರ ಅಷ್ಟು ಸರಿಯಿಲ್ಲ. 25 ದಾಟಿದ ಮೇಲೂ ಉಳಿಯುವ, ಅಥವಾ ಆಮೇಲೆ ಹೊಸದಾಗಿ ಶುರುವಾಗುವ ಮೊಡವೆಯನ್ನು ಚರ್ಮದ ವೈದ್ಯರು ದಿನಾ ನೋಡುತ್ತಾರೆ. ಅದರಲ್ಲೂ ಹೆಂಗಸರೇ ಜಾಸ್ತಿ.

ಕಾರಣ ವಯಸ್ಸಲ್ಲ, ಹಾರ್ಮೋನು. 1941ರಲ್ಲಿ ಅಮೆರಿಕದ ವಿಜ್ಞಾನಿ ಜೇಮ್ಸ್ ಹ್ಯಾಮಿಲ್ಟನ್ ಇದನ್ನು ತೋರಿಸಿದರು. ಪ್ರಾಯಕ್ಕೆ ಮುಂಚೆಯೇ ವೃಷಣ ಕಳೆದುಕೊಂಡವರಿಗೆ ಮೊಡವೆ ಏಳುತ್ತಿರಲಿಲ್ಲ. ಅಂಥವರಿಗೆ ಟೆಸ್ಟೋಸ್ಟಿರಾನ್ ಕೊಟ್ಟಾಗ ಕೆಲವರಿಗೆ ಎದ್ದಿತು. ಇದನ್ನು 'ಗಂಡಸರ ಹಾರ್ಮೋನು' ಎಂದು ಕರೆದು ಕರೆದು ಹೆಂಗಸರಲ್ಲಿ ಅದು ಇಲ್ಲವೇ ಇಲ್ಲ ಎಂಬ ಭಾವನೆ ಬಂದುಬಿಟ್ಟಿದೆ. ಅಂಡಾಶಯವೂ ಮೂತ್ರಪಿಂಡದ ಮೇಲೆ ಕೂತ ಅಡ್ರಿನಲ್ ಗ್ರಂಥಿಯೂ ಇಂಥ ಹಾರ್ಮೋನುಗಳನ್ನು ತಯಾರಿಸುತ್ತಲೇ ಇರುತ್ತವೆ. ಚರ್ಮದ ಎಣ್ಣೆ ಗ್ರಂಥಿ ಅವುಗಳ ಮಾತು ಕೇಳಿ ಎಣ್ಣೆ ಸುರಿಸುತ್ತದೆ.

ಈಗ ನನಗೆ ಬಹಳ ಇಷ್ಟವಾದ ಭಾಗ. ಎಣ್ಣೆ ಜಾಸ್ತಿ ಆದ ಮಾತ್ರಕ್ಕೆ ಮೊಡವೆ ಆಗುವುದಿಲ್ಲ. ದಾರಿ ಕಟ್ಟಬೇಕು. ಮುಖದ ಒಂದೊಂದು ಕೂದಲ ಬುಡವೂ ಒಂದು ಕಿರುಬಾವಿ. ಅದರ ಒಳಗೋಡೆಯ ಜೀವಕೋಶಗಳು ಸತ್ತು ಉದುರುತ್ತವೆ, ಎಣ್ಣೆ ಅವನ್ನು ಮೇಲಕ್ಕೆ ತಂದು ಹೊರಗೆ ಹಾಕುತ್ತದೆ. ಮೊಡವೆ ಆಗುವ ಕಡೆ ಈ ಕೋಶಗಳು ಬಿಡಿಬಿಡಿಯಾಗಿ ಬರುವುದಿಲ್ಲ. ಸಂತೆ ಮುಗಿದ ಮೇಲೆ ಕೊನೇ ಬಸ್ಸಿನ ಬಾಗಿಲಲ್ಲಿ ಎಲ್ಲರೂ ಒಟ್ಟಿಗೆ ನುಗ್ಗಿ ಸಿಕ್ಕಿಕೊಳ್ಳುತ್ತಾರಲ್ಲ, ಹಾಗೆ ಅಂಟಿಕೊಂಡು ನಿಲ್ಲುತ್ತವೆ. ಬಚ್ಚಲ ಕಂಡಿಯಲ್ಲಿ ಒಂದು ಕೂದಲು ಸಿಕ್ಕಿ, ಅದಕ್ಕೆ ಸೋಪಿನ ಜಿಡ್ಡು ಹತ್ತಿ, ಅದಕ್ಕೆ ಇನ್ನೊಂದು ಕೂದಲು ಸುತ್ತಿಕೊಳ್ಳುತ್ತದೆ. ನೀರು ಅರ್ಧ ಬಚ್ಚಲು ತುಂಬುವವರೆಗೂ ನಮಗೆ ಗೊತ್ತೇ ಆಗುವುದಿಲ್ಲ. ಇಲ್ಲೂ ಅಷ್ಟೇ, ಶುರುವಿನ ಬಿರಡೆ ಕಣ್ಣಿಗೆ ಕಾಣದು. ಅದು ಗುಳ್ಳೆಯಾಗಿ ಮೇಲೇಳಲು ಸುಮಾರು 8 ವಾರ ಬೇಕು. ಅಂದರೆ ಇವತ್ತಿನ ಮೊಡವೆಯ ಬಿತ್ತನೆ ಎರಡು ತಿಂಗಳ ಹಿಂದೆಯೇ ಆಗಿದೆ. ನಿನ್ನೆಯ ಬಜ್ಜಿ ಆಗಿನ್ನೂ ಗಿಡದಲ್ಲಿ ಹೂವು!

ಮುಟ್ಟಿಗೆ ವಾರ ಮುಂಚೆ ಗದ್ದ ಕೆಂಪಾಗುತ್ತಲ್ಲ ಎಂದು ಕೇಳಬಹುದು. ಆಗುತ್ತದೆ. ಆದರೆ ಕಟ್ಟಿದ ಬಾವಿಗಳು ಆಗಲೇ ಸಾಲಾಗಿ ಕೂತಿರುತ್ತವೆ. ಹಾರ್ಮೋನಿನ ಏರಿಳಿತ ಕೊನೆಯ ಕಿಡಿ ಮಾತ್ರ. ಕನ್ನಡಿಯಲ್ಲಿ ಏನೂ ಇಲ್ಲದ ದಿನ ದವಡೆಯ ಮೇಲೆ ಮೆಲ್ಲಗೆ ಬೆರಳಾಡಿಸಿ ನೋಡಿ. ರವೆ ಕಾಳಿನಂಥದ್ದು ಸಿಗುತ್ತದೆ, ಚರ್ಮ ಎಳೆದು ಹಿಡಿದರೆ ಬೆಳ್ಳಗೆ ಕಾಣುತ್ತದೆ. ಮುಂದಿನ ವಾರಗಳ ಗುಳ್ಳೆ ಅದರಲ್ಲೇ ಇರಬಹುದು.

ಒಳಗೆ ಕಟ್ಟಿದ ಎಣ್ಣೆಯಲ್ಲಿ ಕ್ಯೂಟಿಬ್ಯಾಕ್ಟೀರಿಯಂ ಆಕ್ನೆಸ್ ಎಂಬ ಬ್ಯಾಕ್ಟೀರಿಯಾ ಹಿಗ್ಗುತ್ತದೆ. ಅದು ಹೊರಗಿನಿಂದ ಬಂದ ಕಳ್ಳನಲ್ಲ, ಎಲ್ಲರ ಚರ್ಮದಲ್ಲೂ ಇರುವ ಬಾಡಿಗೆದಾರ. ಬಾವಿಯ ಗೋಡೆ ಒಡೆದು ಎಣ್ಣೆ ಒಳಗೆ ಸೋರಿದರೆ ದೇಹದ ರಕ್ಷಣಾ ಪಡೆ ಇಲಿಯ ಮೇಲಿನ ಸಿಟ್ಟಿಗೆ ಮನೆಗೇ ಬೆಂಕಿ ಇಡುತ್ತದೆ. ಆ ಕೆಂಪು, ಆ ನೋವು ಅದರದ್ದು. ಹಿಸುಕಿದಾಗ ನಾವು ಒಡೆಯುವುದೂ ಆ ಗೋಡೆಯನ್ನೇ. ನಮ್ಮ ಬಣ್ಣದ ಚರ್ಮದಲ್ಲಿ ಅದರ ಕಪ್ಪು ಕಲೆ ತಿಂಗಳುಗಟ್ಟಲೆ ಉಳಿಯುತ್ತದೆ. ಬ್ಲ್ಯಾಕ್‌ಹೆಡ್‌ನ ಕಪ್ಪು ಕೊಳೆಯಲ್ಲ, ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಮತ್ತು ಗಾಳಿಗೆ ಒಡ್ಡಿದ ಎಣ್ಣೆ. ಕಡಲೆಹಿಟ್ಟಿನಲ್ಲಿ ಎಷ್ಟು ತಿಕ್ಕಿದರೂ ಅದು ಹೋಗುವುದಿಲ್ಲ.

ಹಾಗಾದರೆ ಊಟಕ್ಕೂ ಮೊಡವೆಗೂ ಸಂಬಂಧವೇ ಇಲ್ಲವಾ? 1969ರಲ್ಲಿ ಚಾಕೊಲೇಟ್‌ ನಿರಪರಾಧಿ ಎಂದು ಅಮೆರಿಕದಲ್ಲಿ ಒಂದು ಅಧ್ಯಯನ ಸಾರಿತು. ಎಡವಟ್ಟೇನೆಂದರೆ, ಹೋಲಿಕೆಗೆ ಕೊಟ್ಟ ಚಾಕೊಲೇಟಿಲ್ಲದ ಬಾರ್‌ನಲ್ಲೂ ಸಕ್ಕರೆ, ಕೊಬ್ಬು ಹೆಚ್ಚುಕಮ್ಮಿ ಅಷ್ಟೇ ಇತ್ತು! 2002ರಲ್ಲಿ ಪಪುವಾ ನ್ಯೂಗಿನಿಯ ಕಿಟಾವಾ ದ್ವೀಪದ 1,200 ಜನರನ್ನು ಪರೀಕ್ಷಿಸಿದ ವರದಿ ಬಂತು. ಗೆಡ್ಡೆ, ಮೀನು, ತೆಂಗು, ಹಣ್ಣು ತಿನ್ನುವ ಅವರಲ್ಲಿ ಒಬ್ಬರಿಗೂ ಮೊಡವೆ ಇರಲಿಲ್ಲ. ವಂಶವಾಹಿಯ ಪಾತ್ರವೂ ಇರಬಹುದು. ಆದರೂ ರಕ್ತದ ಸಕ್ಕರೆಯನ್ನು ದಿಢೀರ್ ಏರಿಸುವ ಊಟ ಇನ್ಸುಲಿನ್ ಏರಿಸಿ, ಅದರ ಮೂಲಕ ಎಣ್ಣೆ ಗ್ರಂಥಿಯನ್ನು ಕೆಣಕುತ್ತದೆ ಎನ್ನುವುದಕ್ಕೆ ತಕ್ಕಮಟ್ಟಿನ ಆಧಾರವಿದೆ. ಜಿಮ್‌ನವರು ಕುಡಿಯುವ, ಹಾಲಿನಿಂದ ತೆಗೆದ ವೇ ಪ್ರೋಟೀನ್ ಪುಡಿಯ ಮೇಲೂ ಅನುಮಾನವಿದೆ. ಅನುಮಾನ ಪಡಲೇಬೇಕಾದರೆ ಖಾರಕ್ಕಿಂತ ಸಿಹಿಯ ಮೇಲೆ ಪಡಿ. ಅದೂ ಒಂದು ತುಂಡಿನ ಮೇಲಲ್ಲ, ತಿಂಗಳುಗಟ್ಟಲೆಯ ಅಭ್ಯಾಸದ ಮೇಲೆ.

ನಾನೂ ಒಮ್ಮೆ ಮೋಸ ಹೋಗಿದ್ದೇನೆ. ಔಷಧಿ ಅಂಗಡಿಯಲ್ಲಿ "ಮೊಡವೆಗೆ ಏನಾದರೂ ಕೊಡಿ" ಎಂದೆ, ಒಂದು ಟ್ಯೂಬ್ ಕೊಟ್ಟರು. ಮೂರೇ ದಿನಕ್ಕೆ ಮುಖ ನುಣುಪು. ಬಿಟ್ಟ ವಾರಕ್ಕೆ ಮುಖ ತುಂಬ ಕೆಂಪು ಗುಳ್ಳೆ, ಉರಿ. ಟ್ಯೂಬಿನ ಮಡಿಕೆಯ ಹತ್ತಿರ ಇರುವೆ ಸಾಲಿನಂಥ ಅಕ್ಷರದಲ್ಲಿ ಬೀಟಾಮೆಥಾಸೋನ್ ಎಂದಿತ್ತು. ಅದು ಸ್ಟೀರಾಯ್ಡ್, ಕೆಂಪನ್ನು ಸದ್ಯಕ್ಕೆ ಅಡಗಿಸುವ ಮದ್ದು. ವೈದ್ಯರ ಚೀಟಿಯಿಲ್ಲದೆ ಇಂಥ ಮುಲಾಮು ಮಾರಬಾರದೆಂದು ಸರ್ಕಾರ 2018ರಲ್ಲೇ ನಿಯಮ ಬಿಗಿ ಮಾಡಿದೆ. ನಿಯಮದ ಪಾಡು ನಿಯಮಕ್ಕೆ.

ಸರಿಯಾದ ಮದ್ದು ಇಷ್ಟು ಬೇಗ ಖುಷಿ ಕೊಡುವುದಿಲ್ಲ. ಅಡಾಪಲೀನ್, ಟ್ರೆಟಿನಾಯಿನ್ ಥರದ ರೆಟಿನಾಯ್ಡ್ ಮುಲಾಮುಗಳು (ಎ ಜೀವಸತ್ವದ ಬಳಗದವು) ಆ ಬಸ್ಸಿನ ಬಾಗಿಲ ನೂಕುನುಗ್ಗಲನ್ನೇ ಬಿಡಿಸುತ್ತವೆ. ರಾತ್ರಿ, ಬಟಾಣಿ ಕಾಳಿನಷ್ಟು, ಇಡೀ ಮುಖಕ್ಕೆ ತೆಳ್ಳಗೆ ಹಚ್ಚಬೇಕು. ಎದ್ದ ಗುಳ್ಳೆಗಲ್ಲ, ಏಳಲಿರುವ ಗುಳ್ಳೆಗೆ. ಮೊದಲ ವಾರಗಳಲ್ಲಿ ಚರ್ಮ ಒಣಗಿ ಹೊಟ್ಟೇಳುತ್ತದೆ, ಜನ ಅಲ್ಲೇ ಕೈಬಿಡುತ್ತಾರೆ. ಬೆನ್ಜಾಯಿಲ್ ಪೆರಾಕ್ಸೈಡ್ ಬ್ಯಾಕ್ಟೀರಿಯಾ ಕೊಲ್ಲುತ್ತದೆ. ಶೇ 2.5ರದ್ದೂ ಶೇ 10ರಷ್ಟೇ ಕೆಲಸ ಮಾಡುತ್ತದೆ, ಉರಿ ಕಮ್ಮಿ. ಆದರೆ ಬಣ್ಣದ ಟವೆಲ್ ಹಾಳಾಗುತ್ತದೆ, ನನ್ನ ದಿಂಬಿನ ಕವರೇ ಸಾಕ್ಷಿ. ಬರೀ ಆಂಟಿಬಯಾಟಿಕ್ ಹಚ್ಚಿಕೊಂಡು ಕೂರಬಾರದು, ಬ್ಯಾಕ್ಟೀರಿಯಾ ಅದಕ್ಕೆ ಪಳಗಿಬಿಡುತ್ತವೆ.

ಮುಟ್ಟು ತಪ್ಪುತ್ತಿದ್ದರೆ, ಗದ್ದದಲ್ಲಿ ಗಟ್ಟಿ ಕೂದಲು ಬರುತ್ತಿದ್ದರೆ ಪಿಸಿಓಎಸ್ (ಅಂಡಾಶಯದ ಹಾರ್ಮೋನು ಏರುಪೇರಾಗುವ ತೊಂದರೆ) ಇದೆಯಾ ಎಂದು ನೋಡಿಸಬೇಕು. ಬಿ.ಪಿ.ಗೆ ಕೊಡುತ್ತಿದ್ದ ಸ್ಪೈರೊನೊಲ್ಯಾಕ್ಟೋನ್ ಮಾತ್ರೆ ಹೆಂಗಸರ ಮೊಡವೆಗೂ ಕೆಲಸ ಮಾಡುತ್ತದೆ. ಬ್ರಿಟನ್ನಿನಲ್ಲಿ 410 ಹೆಂಗಸರ ಮೇಲೆ ನಡೆದ, 2023ರಲ್ಲಿ ಪ್ರಕಟವಾದ ಪರೀಕ್ಷೆ ಅದನ್ನು ತೋರಿಸಿತು. ತೀರಾ ಹಟಮಾರಿ ಮೊಡವೆಗೆ ಐಸೊಟ್ರೆಟಿನಾಯಿನ್ ಎಂಬ ಮಾತ್ರೆ ಇದೆ. ಬಸಿರಿದ್ದಾಗ ನುಂಗಿದರೆ ಮಗುವಿಗೆ ಭಾರಿ ಅಂಗದೋಷ ತರುವ ಮದ್ದು ಅದು. ಈ ಎರಡು ಮಾತ್ರೆಗಳನ್ನೂ, ರೆಟಿನಾಯ್ಡ್ ಮುಲಾಮನ್ನೂ ಬಸಿರಿನಲ್ಲಿ, ಬಸಿರಿಗೆ ಪ್ರಯತ್ನಿಸುವಾಗ ಮುಟ್ಟಬಾರದು. ವೈದ್ಯರಿಗೆ ಮೊದಲೇ ಹೇಳಿಬಿಡಿ.

ಈಗ ನಾವಿಬ್ಬರೂ ವೈದ್ಯರು ಬರೆದುಕೊಟ್ಟ ಒಂದೇ ಟ್ಯೂಬು ಹಂಚಿಕೊಳ್ಳುತ್ತಿದ್ದೇವೆ. ಮಗಳ ತಲೆಗೆ ಹಾಕುವ ಕೊಬ್ಬರಿ ಎಣ್ಣೆ ಹಣೆಗೆ ಇಳಿಯದ ಹಾಗೆ ನೋಡಿಕೊಳ್ಳುತ್ತೇನೆ. ಅಡುಗೆಮನೆಯ ಕ್ಯಾಲೆಂಡರಿನಲ್ಲಿ, ಮದ್ದಿನ ಫಲ ಕಾಣಲು ಬೇಕಾದ 12 ವಾರ ಎಣಿಸಿ ಒಂದು ತಾರೀಕಿಗೆ ಸುತ್ತು ಹಾಕಿದೆ.

"ಅಮ್ಮಾ, ಅಷ್ಟೊತ್ತಿಗೆ ದಸರಾ ರಜಾನೇ ಮುಗಿದೋಗಿರುತ್ತೆ" ಎಂದಳು, ಹಣೆ ಮುಟ್ಟಿಕೊಳ್ಳುತ್ತಾ.

"ಮುಟ್ಟಬೇಡ" ಎಂದೆ, ನನ್ನ ಗದ್ದದಿಂದ ಕೈ ತೆಗೆದು.