‘ವಾತಾಪಿ ಜೀರ್ಣೋ ಭವ’: ಆ ವಾತಾಪಿಯ ಊರು ಬಾದಾಮಿಯೇ?

ಪ್ರಶ್ನೆ: ಮಗುವಿಗೆ ಹಾಲು ಕುಡಿಸಿದ ಮೇಲೆ ನಮ್ಮ ಅಜ್ಜಿ ಅದರ ಹೊಟ್ಟೆ ಸವರಿ ‘ವಾತಾಪಿ ಜೀರ್ಣೋ ಭವ’ ಎನ್ನುತ್ತಾರೆ. ಅಗಸ್ತ್ಯರು ಅರಗಿಸಿಕೊಂಡ ಆ ರಾಕ್ಷಸ ನಮ್ಮ ಬಾದಾಮಿಯವನೇ?

ಉತ್ತರ: ಸ್ಥಳಪುರಾಣ ಹೌದು ಎನ್ನುತ್ತದೆ. ಬಾದಾಮಿಯ ಕೆಂಪು ಬಂಡೆಗಳ ನಡುವಿನ ಕೆರೆಗೆ ಅಗಸ್ತ್ಯ ತೀರ್ಥವೆಂದೇ ಹೆಸರು. ಆದರೆ ಹಳೆಯ ಕಾವ್ಯಗಳು ಅಷ್ಟು ಸಲೀಸಾಗಿ ಸಾಕ್ಷಿ ಹೇಳುವುದಿಲ್ಲ.

ರಾಮಾಯಣದ ಅರಣ್ಯಕಾಂಡದಲ್ಲಿ ಈ ಕಥೆಯನ್ನು ಲಕ್ಷ್ಮಣನಿಗೆ ಹೇಳುವವನು ರಾಮ. ರಾಕ್ಷಸ ಇಲ್ವಲ ಬ್ರಾಹ್ಮಣನ ವೇಷದಲ್ಲಿ, ಸಂಸ್ಕೃತ ಮಾತಾಡುತ್ತ, ಶ್ರಾದ್ಧದ ಊಟಕ್ಕೆ ಕರೆಯುತ್ತಾನೆ. ಟಗರಾದ ತಮ್ಮ ವಾತಾಪಿಯನ್ನೇ ಬೇಯಿಸಿ ಬಡಿಸುತ್ತಾನೆ. ಊಟ ಮುಗಿದ ಮೇಲೆ ‘ವಾತಾಪಿ, ಹೊರಗೆ ಬಾ’ ಎಂದರೆ ಸಾಕು, ತಮ್ಮ ಟಗರಿನಂತೆ ಒದರುತ್ತ ಉಂಡವರ ಹೊಟ್ಟೆ ಸೀಳಿ ಬರುತ್ತಿದ್ದ. ಅಗಸ್ತ್ಯರೋ ನಕ್ಕು, ಅರಗಿಹೋದವನು ಎಲ್ಲಿಂದ ಬಂದಾನು ಎಂದರು. ಇದೆಲ್ಲ ನಡೆದದ್ದು ‘ಇಲ್ಲಿ’ ಎನ್ನುತ್ತಾನೆ ರಾಮ. ಊರಿನ ಹೆಸರು ಎತ್ತುವುದಿಲ್ಲ.

ಮಹಾಭಾರತದ ವನಪರ್ವ ಊರಿನ ಹೆಸರು ಹೇಳುತ್ತದೆ, ಆದರೆ ಅದು ಮಣಿಮತಿ. ಅಲ್ಲಿ ಅಗಸ್ತ್ಯರು ಹೊರಟದ್ದು ಹೆಂಡತಿ ಲೋಪಾಮುದ್ರೆ ಕೇಳಿದ ಐಶ್ವರ್ಯಕ್ಕಾಗಿ. ಮೂವರು ರಾಜರ ಲೆಕ್ಕ ನೋಡಿದರೆ ಆದಾಯಕ್ಕೂ ಖರ್ಚಿಗೂ ಸರಿಸಮ. ಉಳಿದವನು ಹಣವಂತ ಇಲ್ವಲನೇ. ಅಲ್ಲಿಯೂ ಅದೇ ಊಟ, ಅದೇ ಕೂಗು. ಹೊರಬಂದದ್ದು ಮಾತ್ರ ವಾತಾಪಿಯಲ್ಲ, ಬರಿಯ ವಾಯು. ವ್ಯಾಸರಿಗೆ ಹಾಸ್ಯಪ್ರಜ್ಞೆ ಇರಲಿಲ್ಲ ಎನ್ನುವವರು ಈ ಭಾಗ ಓದಬೇಕು.

ಹಾಗಾದರೆ ಬಾದಾಮಿಗೆ ನಂಟು ಬಂದದ್ದು ಹೇಗೆ? ಹೆಸರಿನಿಂದ. ಶಕವರ್ಷ 465ರ, ಅಂದರೆ ಕ್ರಿ.ಶ. 543ರ ಬಂಡೆ ಶಾಸನದಲ್ಲಿ ಒಂದನೇ ಪುಲಕೇಶಿ ಕೋಟೆ ಕಟ್ಟಿಸಿದ ಜಾಗದ ಹೆಸರು ವಾತಾಪಿ ಎಂದೇ ಇದೆ. ಹೆಸರು ಒಂದಾದ ಮೇಲೆ ಕಥೆ ಬಂದು ಅಂಟಿಕೊಳ್ಳಲು ತಡವೇನು? ನನ್ನ ಮಟ್ಟಿಗೆ, ರಾಕ್ಷಸನನ್ನು ಬಾದಾಮಿಯವನೆನ್ನಲು ಇದಕ್ಕಿಂತ ಗಟ್ಟಿ ಆಧಾರವಿಲ್ಲ.

ಈ ಹೋಲಿಕೆಯನ್ನು ಚೆನ್ನಾಗಿ ಬಳಸಿಕೊಂಡವರು ಚಾಲುಕ್ಯರ ವೈರಿಗಳು. ಸುಮಾರು 642ರಲ್ಲಿ ಪಲ್ಲವ ನರಸಿಂಹವರ್ಮ ಬಾದಾಮಿಯನ್ನು ಗೆದ್ದ. ಕುಂಭಸಂಭವನು, ಅಂದರೆ ಅಗಸ್ತ್ಯ, ವಾತಾಪಿ ರಾಕ್ಷಸನನ್ನು ಮುಗಿಸಿದಂತೆ ಇವನು ವಾತಾಪಿ ನಗರವನ್ನು ಮುಗಿಸಿದ ಎಂದು ಪಲ್ಲವರ ಕೂರಂ ತಾಮ್ರಶಾಸನ ಶ್ಲೇಷೆಯಲ್ಲಿ ಹಾಡಿ ಹೊಗಳುತ್ತದೆ. ಬಾದಾಮಿಯವರಿಗೆ ಆ ಶ್ಲೇಷೆ ಅರಗಿರಲಾರದು.